ಅಂಟಿಸಿದ್ದು ಗಂಜಿ, ಬಿಡಿಸುವುದು ನೀರು

ಮದುವೆ ಗೊತ್ತಾದ ಮನೆಯಲ್ಲಿ ಎಲ್ಲರ ಕಣ್ಣೂ ಮೊದಲು ಬೀಳುವುದು ಗೋಡೆಯ ಮೇಲೆ. ನಿನ್ನೆಯವರೆಗೆ ಯಾರಿಗೂ ಕಾಣದಿದ್ದ ಹಕ್ಕಳೆ, ಮೂಲೆಯ ಸವಳು, ದೇವರ ಪಟ ತೆಗೆದಲ್ಲಿ ಉಳಿದ ಚೌಕ, ಮಕ್ಕಳು ಮೆತ್ತಿದ ಚಿತ್ರ, ಎಲ್ಲವೂ ಒಮ್ಮೆಲೇ ಎದ್ದು ಕಾಣತೊಡಗುತ್ತವೆ. ಮಡಕಶಿರಾ ಕಡೆಯ ಹಳೆಯ ಮನೆಗಳಲ್ಲಿ ನಡುಮನೆಯ ಗೋಡೆಯನ್ನು ಕೆರೆಯಲು ಕೂತರೆ ಒಂದರ ಕೆಳಗೊಂದು ಪದರ ಬರುತ್ತಲೇ ಇರುತ್ತದೆ. ಮೇಲೆ ಈಚೆಗೆ ಅಂಟಿಸಿದ ಇಟ್ಟಿಗೆ ಚಿತ್ರದ ಪ್ಲಾಸ್ಟಿಕ್ ಹಾಳೆ. ಅದರಡಿ ತಿಳಿನೀಲಿ ಡಿಸ್ಟೆಂಪರ್. ಅದರಡಿ ಗಂಜಿ ಹಚ್ಚಿ ಮೆತ್ತಿದ ಕ್ಯಾಲೆಂಡರ್ ಕಾಗದ, ಒಂದು ಕನ್ನಡದ್ದು, ಪಕ್ಕದ್ದು ತೆಲುಗಿನದು. ಅದಕ್ಕೂ ಕೆಳಗೆ, ಲೆಕ್ಕವಿಲ್ಲದಷ್ಟು ಹಬ್ಬಗಳಿಗೆ ಹೊಡೆದ ಸುಣ್ಣ. ಕೊನೆಗೆ ಮಣ್ಣು ಅಥವಾ ಕಲ್ಲು.

ಎರಡು ಭಾಷೆಯ ಕ್ಯಾಲೆಂಡರ್ ಒಂದೇ ಗೋಡೆಗೆ ಬಂದದ್ದು ಇಲ್ಲಿ ಸೋಜಿಗವಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕುಗಳು ಮೈಸೂರಿಗೆ ಬಂದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ರಾಯದುರ್ಗ ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರಾ ಅದಕ್ಕೂ ಮೊದಲೇ ಅನಂತಪುರದಲ್ಲಿತ್ತು. 2022ರ ಏಪ್ರಿಲ್‌ನಲ್ಲಿ ಜಿಲ್ಲೆ ಒಡೆದಾಗ ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ಗಡಿ ಎಷ್ಟು ಸಲ ಸರಿದರೂ ಅಗಳಿ, ರೊಳ್ಳ, ಅಮರಾಪುರದ ಮನೆಗಳೊಳಗೆ ಕನ್ನಡ ಉಳಿದಿದೆ. ಗೋಡೆ ಕೆಡುವ ಬಗೆಯೂ, ಅದನ್ನು ಸರಿಪಡಿಸುವ ಬಗೆಯೂ ಗಡಿಯ ಈಚೆಗೂ ಆಚೆಗೂ ಒಂದೇ.

ಯುರೋಪಿನ ಮನೆಗಳಂತೆ ಹೂಬಳ್ಳಿಯ ಕಾಗದದಿಂದ ಗೋಡೆಯನ್ನೇ ಮುಚ್ಚುವ ರೂಢಿ ಈ ಬಯಲುಸೀಮೆಗೆ ಬರಲಿಲ್ಲ. ಸುಣ್ಣ ಅಗ್ಗವಿತ್ತು, ಜಾಜು ಇತ್ತು, ಯುಗಾದಿಗೊಮ್ಮೆ ಗೋಡೆಗೆ ಹೊಸ ಮೈ ಬರುತ್ತಿತ್ತು. ಕಾಗದ ಬಂದದ್ದು ಬಿರುಕು ಮುಚ್ಚಲು, ಗೂಡಿನೊಳಗೆ ಹಾಸಲು, ದೇವರ ಚಿತ್ರದ ಆಸೆಗೆ. ಈಗ ಹತ್ತಿಪ್ಪತ್ತು ವರ್ಷಗಳಿಂದ ಸುರುಳಿ ಸುರುಳಿಯಾಗಿ ಸಿಗುವ ಅಂಟುಹಾಳೆ ಬಂದಿದೆ. ಹಾಕುವುದು ಒಂದು ಮಧ್ಯಾಹ್ನದ ಕೆಲಸ. ಕಷ್ಟವೆಲ್ಲ ತೆಗೆಯುವಾಗ.

ಆ ಕಷ್ಟದ ಬಹುಪಾಲು ಅವಸರದಿಂದ ಬರುತ್ತದೆ. ಗೋಡೆಯ ಮೇಲೆ ಇರುವುದು ಏನು, ಅದನ್ನು ಹಿಡಿದಿರುವ ಅಂಟು ಯಾವುದು ಎಂದು ನೋಡದೆ ಕರಣೆ ಎತ್ತಿದರೆ ಹಾಳೆಯ ಜೊತೆ ಗಾರೆಯೂ ಚಕ್ಕೆ ಚಕ್ಕೆಯಾಗಿ ಕಿತ್ತು ಬರುತ್ತದೆ. ನೂರು ರೂಪಾಯಿಯಲ್ಲಿ ಮುಗಿಯುವ ಕೆಲಸ ಗಾರೆಯವರನ್ನು ಕರೆಸುವವರೆಗೆ ಹೋಗುವುದು ಹೀಗೆ.

ಇರುವುದು ಏನೆಂದು ತಿಳಿಯಲು ದೊಡ್ಡ ಪರೀಕ್ಷೆ ಬೇಡ. ಮೂಲೆಯಲ್ಲಿ ಅಂಗೈಯಗಲ ಜಾಗ ಹಿಡಿದು ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಬೇಕು. ಬಟ್ಟೆಗೆ ಬಣ್ಣ ಇಳಿದು, ಗೋಡೆ ಲೋಳೆಯಾದರೆ ಅದು ಹಳೆಯ ಪುಡಿ ಡಿಸ್ಟೆಂಪರ್. ನೀರಿಗೆ ಜಗ್ಗದೆ, ಒಣಗಿದಾಗ ಕೈಗೆ ಬಿಳಿ ಹತ್ತುತ್ತಿದ್ದರೆ ಒಂದು ಹನಿ ವಿನೆಗರ್ ಬಿಟ್ಟು ನೋಡಬೇಕು. ಸುಣ್ಣವಾಗಿದ್ದರೆ ಸೊರ್ರೆಂದು ನೊರೆ ಏಳುತ್ತದೆ. ಆ ನೊರೆಯೊಳಗಿನ ಗಾಳಿಗೂ ಒಂದು ಕಥೆಯಿದೆ. ಸುಣ್ಣದ ನೀರು ಗೋಡೆಯ ಮೇಲೆ ಒಣಗುವಾಗ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗಿರುತ್ತದೆ. ಅಜ್ಜಿಯ ಕಾಲದಲ್ಲಿ ಒಳಗೆ ಹೋದ ಗಾಳಿ ಹುಳಿ ತಾಗಿದ ಕ್ಷಣ ಹೊರಗೆ ಬರುತ್ತದೆ. ನೀರಿಗೂ ಹುಳಿಗೂ ಸುಮ್ಮನಿದ್ದು, ಉಗುರು ಬಣ್ಣ ಅಳಿಸುವ ದ್ರವ ಹಚ್ಚಿದ ಹತ್ತಿಗೆ ಮೆತ್ತಗಾದರೆ ಈಗಿನ ಎಮಲ್ಷನ್ ಬಣ್ಣ. ಹಾಳೆಯಾದರೆ ಮೂಲೆಯನ್ನು ಚಿವುಟಿ ಎಳೆದರೆ ಸಾಕು: ಹರಿದರೆ ಕಾಗದ, ಹಿಗ್ಗಿದರೆ ಪ್ಲಾಸ್ಟಿಕ್.

ಕಾಗದದ್ದು ಎಲ್ಲಕ್ಕಿಂತ ಸುಲಭ. ಅದನ್ನು ಹಿಡಿದಿರುವುದು ಮೈದಾ ಅಂಟು ಅಥವಾ ಅನ್ನದ ಗಂಜಿ, ಅಂದರೆ ಪಿಷ್ಟ. ಬೇಯುವಾಗ ನೀರು ಕುಡಿದು ಉಬ್ಬಿದ ಪಿಷ್ಟ ಒಣಗಿದಾಗ ಕಾಗದವನ್ನೂ ಗೋಡೆಯನ್ನೂ ಬಿಗಿದು ಹಿಡಿಯುತ್ತದೆ; ಮತ್ತೆ ಬಿಸಿನೀರು ಸಿಕ್ಕರೆ ಮತ್ತೆ ಉಬ್ಬಿ ಹಿಡಿತ ಸಡಿಲಿಸುತ್ತದೆ. ಅರ್ಧ ಬಕೆಟ್ ಬಿಸಿನೀರಿಗೆ ಪಾತ್ರೆ ತೊಳೆಯುವ ದ್ರವಸೋಪು ಒಂದು ಚಮಚ ಹಾಕಿದರೆ ನೀರು ಕಾಗದದೊಳಗೆ ಬೇಗ ಇಳಿಯುತ್ತದೆ. ಕೆಲವರು ಬಟ್ಟೆ ಮೆದುಮಾಡುವ ಕಂಡೀಷನರ್ ಬೆರೆಸುತ್ತಾರೆ, ಅದರ ಕೆಲಸವೂ ಅದೇ. ಸ್ಪಂಜಿನಿಂದ ಮೇಲಿನಿಂದ ಕೆಳಕ್ಕೆ ಒದ್ದೆಮಾಡಿ ಹದಿನೈದು ನಿಮಿಷ ಕಾಯಬೇಕು. ‘ನೆನೀಲಿ ಬುಡವ್ವ, ತಾನೇ ಬತ್ತದೆ’ ಎಂದು ಹಿರಿಯರು ಸೊಸೆಗೆ ಹೇಳುವ ಮಾತೇ ಇಲ್ಲಿನ ಪೂರ್ತಿ ವಿದ್ಯೆ. ನೆನೆದ ಕಾಗದವನ್ನು ಗೋಡೆಯಿಂದ ಹೊರಕ್ಕೆ ಸೆಳೆಯಬಾರದು. ಗೋಡೆಗೆ ತಾಗಿಸಿಕೊಂಡೇ ಹಿಂದಕ್ಕೆ ಮಡಚುತ್ತಾ ಎಳೆದರೆ ಉದ್ದಕ್ಕೆ ಬರುತ್ತದೆ. ಉಳಿದ ಚೂರಿಗೆ ಹರಿತವಿಲ್ಲದ ಪಟ್ಟಿ ಸಾಕು, ಹಳೆಯ ದೋಸೆ ಮೊಗಚುವ ಕೈ ಇದ್ದರೂ ಆದೀತು.

ಇಲ್ಲಿ ಒಂದು ತೊಡಕಿದೆ. ಅನಂತಪುರ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್. ದೇಶದ ಅತಿ ಒಣ ಜಿಲ್ಲೆಗಳ ಪಟ್ಟಿಯಲ್ಲಿ ಅದರ ಹೆಸರು ಸದಾ ಮೇಲಿರುತ್ತದೆ. ಬೇಸಿಗೆಯ ಮಧ್ಯಾಹ್ನ ರಾಯದುರ್ಗದಲ್ಲಿ ಗೋಡೆಗೆ ಎರಚಿದ ನೀರು ಅಂಟಿನವರೆಗೆ ಇಳಿಯುವ ಮೊದಲೇ ಆರಿಹೋಗುತ್ತದೆ. ಮತ್ತೆ ಮತ್ತೆ ಎರಚಲು ನೀರೂ ಬೇಕಲ್ಲ. ಇದಕ್ಕೆ ಮದ್ದು ಹಳೆಯ ಸೀರೆ. ಬಿಸಿ ಸೋಪುನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕಾಗದದ ಮೇಲೆ ಒತ್ತಿ ಹಾಸಿ, ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ ಮುಚ್ಚಿದರೆ ಅರ್ಧ ಗಂಟೆ ತೇವ ನಿಲ್ಲುತ್ತದೆ. ನೀರು ನೆಲಕ್ಕೆ ಸೋರದು, ಎರಡು ಚೊಂಬಿನಲ್ಲಿ ಒಂದಾಳೆತ್ತರದ ಪಟ್ಟಿ ನೆನೆಯುತ್ತದೆ. ಹಳೆಯ ಗ್ರಂಥ, ಭಿತ್ತಿಚಿತ್ರಗಳನ್ನು ಸಂರಕ್ಷಿಸುವವರೂ ಇದೇ ಬಗೆಯಲ್ಲಿ ಒದ್ದೆ ಹತ್ತಿ, ಕಾಗದದ ಲೇಪ ಕಟ್ಟಿ ಕಾಯುತ್ತಾರೆ. ಜೀನ್ಸ್ ಹೊಲಿಗೆಗೆ ಹೆಸರಾದ ರಾಯದುರ್ಗದಲ್ಲಿ ದಪ್ಪ ಬಟ್ಟೆಯ ತುಂಡಿಗಂತೂ ಬರವಿಲ್ಲ.

ಅಂಟು ತೀರಾ ಮೊಂಡಾಗಿದ್ದರೆ? ಹೊರದೇಶಗಳ ಅಂಗಡಿಗಳಲ್ಲಿ ಅದಕ್ಕೆಂದೇ ಕಿಣ್ವ ಬೆರೆತ ದ್ರವ ಸಿಗುತ್ತದೆ. ಅದರಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಕತ್ತರಿಸಿ ಸಕ್ಕರೆಯಾಗಿಸುತ್ತದೆ. ಈ ಸೀಮೆಯ ತಾಯಂದಿರಿಗೆ ಅದು ಗೊತ್ತಿಲ್ಲದ ಸಂಗತಿಯಲ್ಲ. ಮೊಳಕೆ ಕಟ್ಟಿದ ರಾಗಿಯ ಹಿಟ್ಟು ಒಂದು ಚಮಚ ಬಿದ್ದರೆ ಕೂಸಿನ ಗಟ್ಟಿ ಗಂಜಿ ತೆಳ್ಳಗಾಗುವುದು ಅದೇ ಕಿಣ್ವದಿಂದ. ನಮ್ಮ ಬಾಯಿಯ ಜೊಲ್ಲಿನಲ್ಲಿರುವುದೂ ಅದೇ.

ಮೈದಾ ಅಂಟಿನ ವಿಷಯದಲ್ಲಿ ಒಂದು ಎಚ್ಚರಿಕೆ. ಹುಳ, ಜಿರಲೆ ತಿನ್ನದಿರಲೆಂದು ಪುಸ್ತಕ ಕಟ್ಟುವವರೂ ಸಿನಿಮಾ ಪೋಸ್ಟರ್ ಅಂಟಿಸುವವರೂ ಅದಕ್ಕೆ ಮೈಲುತುತ್ತ ಬೆರೆಸುವ ರೂಢಿಯಿತ್ತು. ತಾಮ್ರದ ಸಲ್ಫೇಟು ಹೊಟ್ಟೆಗೆ ಹೋಗಬಾರದು. ಹಳೆಯ ಅಂಟಿನ ಕೆಲಸ ಮುಗಿದ ಮೇಲೆ ಕೈ ತೊಳೆಯದೆ ಎಲೆ ಅಡಿಕೆ ಬಾಯಿಗೆ ಹಾಕಬಾರದು, ಆ ನೀರನ್ನು ದನದ ಕಲಗಚ್ಚಿಗೆ ಸುರಿಯಬಾರದು.

ಪ್ಲಾಸ್ಟಿಕ್ ಅಂಟುಹಾಳೆಗೆ ಈ ಪಾಠ ಒಂದೂ ನಡೆಯದು. ಅದರ ಬೆನ್ನಿಗಿರುವುದು ಒತ್ತಿದರೆ ಹಿಡಿಯುವ ಅಕ್ರಿಲಿಕ್ ಗೋಂದು. ನೀರಿಗೆ ಅದು ಹೆದರುವುದಿಲ್ಲ. ಅದಕ್ಕೆ ಬೇಕಾದದ್ದು ಬಿಸಿ. ಕೂದಲು ಒಣಗಿಸುವ ಡ್ರೈಯರನ್ನು ಒಂದು ಗೇಣು ದೂರದಲ್ಲಿ ಹಿಡಿದು ಮೂಲೆ ಬೆಚ್ಚಗಾದ ಮೇಲೆ ನಿಧಾನವಾಗಿ ಬಿಡಿಸುತ್ತಾ ಹೋಗಬೇಕು. ಒಮ್ಮೆಲೇ ಜಗ್ಗಿದರೆ ಹಾಳೆ ಒಂದು ಕಡೆ, ಗೋಂದು ಒಂದು ಕಡೆ. ಉಳಿದ ಜಿಗುಟಿಗೆ ಕೊಬ್ಬರಿ ಎಣ್ಣೆ ಅಥವಾ ನೀಲಗಿರಿ ಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಆಮೇಲೆ ಸೋಪುನೀರಲ್ಲಿ ತೊಳೆಯಬೇಕು. ಎಣ್ಣೆಯ ಪಸೆ ಉಳಿದರೆ ಹೊಸ ಬಣ್ಣ ಹಿಡಿಯುವುದಿಲ್ಲ. ಸೀಮೆಎಣ್ಣೆಯೂ ಈ ಕೆಲಸ ಮಾಡುತ್ತದೆ, ಆದರೆ ಅಡುಗೆಮನೆಯಲ್ಲಿ, ಡ್ರೈಯರ್ ಪಕ್ಕದಲ್ಲಿ ಅದರ ಸಹವಾಸ ಬೇಡ. ಹಾಳೆ ಅಂಟಿಸಿದ್ದು ಸುಣ್ಣದ ಗೋಡೆಯ ಮೇಲಾದರೆ ಮೊದಲೇ ಮನಸ್ಸು ಗಟ್ಟಿಮಾಡಿಕೊಳ್ಳುವುದು ಒಳ್ಳೆಯದು. ಸುಣ್ಣಕ್ಕೆ ಗೋಂದಿನಷ್ಟು ಬಲವಿಲ್ಲ. ಎಷ್ಟು ಹುಷಾರಾಗಿ ಎಳೆದರೂ ಮೇಲಿನ ಒಂದೆರಡು ಪದರ ಹಾಳೆಯ ಜೊತೆ ಹೋಗುತ್ತದೆ.

ಇನ್ನು ಸುಣ್ಣ. ಹಕ್ಕಳೆ ಎದ್ದ ಸುಣ್ಣದ ಮೇಲೆ ಪುಟ್ಟಿ, ಎಮಲ್ಷನ್ ಯಾವುದೂ ನಿಲ್ಲದು, ಸಡಿಲವಾದದ್ದನ್ನು ತೆಗೆಯಲೇಬೇಕು. ವಿನೆಗರ್ ಸುಣ್ಣವನ್ನು ಕರಗಿಸುತ್ತದೆ ಎಂಬ ಮಾತು ನಿಜ, ಆದರೆ ಲೆಕ್ಕ ಹಾಕಿ ನೋಡಬೇಕು. ಅಂಗಡಿಯ ವಿನೆಗರಿನಲ್ಲಿ ಹುಳಿಯ ಅಂಶ ನೂರಕ್ಕೆ ಐದರ ಆಸುಪಾಸು. ಅಂಥ ಒಂದು ಲೀಟರ್ ಪೂರ್ತಿ ಕೆಲಸ ಮಾಡಿದರೂ ಕರಗುವುದು ಸುಮಾರು 40 ಗ್ರಾಂ ಸುಣ್ಣ, ಒಂದು ಹಿಡಿಯಷ್ಟೂ ಅಲ್ಲ. ಕಿಟಕಿಯ ಚೌಕಟ್ಟಿನ ಕಲೆ, ಸ್ವಿಚ್ಚಿನ ಸುತ್ತಲ ತೆಳುಪೊರೆ, ಹಿತ್ತಾಳೆ ಚಿಲಕದ ಮೇಲೆ ಸಿಡಿದ ಹನಿ, ಇವಕ್ಕೆ ವಿನೆಗರ್ ಅಥವಾ ನಿಂಬೆ ಉಪ್ಪಿನ ನೀರು ಸರಿ. ಇಡೀ ಗೋಡೆಗೆ ಪಟ್ಟಿ ಹಿಡಿದು ಕೆರೆಯುವುದೊಂದೇ ದಾರಿ. ನೀರು ಚಿಮುಕಿಸುತ್ತಾ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಎದ್ದು ನಿಂತ ಹಕ್ಕಳೆಯನ್ನಷ್ಟೇ ಎಬ್ಬಿಸಬೇಕು. ಗಟ್ಟಿಯಾಗಿ ಕೂತ ಸುಣ್ಣವನ್ನು ಬಿಡಿಸುವ ಅಗತ್ಯವಿಲ್ಲ. ಅದು ಗೋಡೆಯ ಮೈಯೇ ಆಗಿರುತ್ತದೆ.

ಹುಳಿ ಬಳಸುವಾಗ ನೆಲ ನೋಡಿಕೊಳ್ಳಬೇಕು. ಈ ಜಿಲ್ಲೆಗಳ ಮನೆ ಮನೆಯಲ್ಲೂ ಹಾಸಿರುವ ಕಪ್ಪು ಕಡಪಾ ಕಲ್ಲು ಸುಣ್ಣಕಲ್ಲಿನ ಜಾತಿ. ಗೋಡೆಯ ಸುಣ್ಣ ತಿನ್ನುವ ವಿನೆಗರ್ ನೆಲದ ಹೊಳಪನ್ನೂ ತಿನ್ನುತ್ತದೆ. ಒಂದು ಹನಿ ಬಿದ್ದು ಹತ್ತು ನಿಮಿಷ ಉಳಿದರೂ ಬೂದು ಕಲೆ ನಿಲ್ಲುತ್ತದೆ, ಅದು ತೊಳೆದರೆ ಹೋಗುವಂಥದ್ದಲ್ಲ. ಗೋಣಿಚೀಲದ ಮೇಲೆ ಪ್ಲಾಸ್ಟಿಕ್ ಹಾಸಿಯೇ ಕೆಲಸಕ್ಕೆ ಇಳಿಯಬೇಕು.

ಮಣ್ಣಿನ ಗೋಡೆಗೆ ಮತ್ತೂ ಹೆಚ್ಚಿನ ಎಚ್ಚರ. ಹಳ್ಳಿಗಳ ಮಾಳಿಗೆ ಮನೆಗಳಲ್ಲಿ ಕಲ್ಲಿನ ನಡುವೆ ಇರುವುದು ಸಿಮೆಂಟಲ್ಲ, ಕಲಸಿದ ಮಣ್ಣು. ಮೇಲಿನ ಸುಣ್ಣ ಅದನ್ನು ಮಳೆಯಿಂದ ಕಾಯುತ್ತಾ, ಒಳಗಿನ ತೇವ ಹೊರಹೋಗಲೂ ಬಿಡುತ್ತಾ ಬಂದಿದೆ. ಅಂಥ ಗೋಡೆಗೆ ಬಕೆಟ್ಟುಗಟ್ಟಲೆ ನೀರು ಎರಚಿದರೆ ಮಣ್ಣು ಕರಗಿ ಗಾರೆ ಜೋಲುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ತೇವ ಒಳಗೇ ಸಿಕ್ಕಿಬಿದ್ದು ಸವಳಾಗಿ ಬುಡದಿಂದ ಮೇಲೇರುತ್ತದೆ. ಸವಳನ್ನು ತೊಳೆಯಲೂ ಹೋಗಬಾರದು. ಅದು ಉಪ್ಪು, ನೀರಿಗೆ ಕರಗಿ ಮತ್ತೆ ಗೋಡೆಯೊಳಗೇ ಇಳಿದು ಮುಂದಿನ ತಿಂಗಳು ಮತ್ತೆ ಬರುತ್ತದೆ. ಒಣ ಬ್ರಷ್ಷಿನಿಂದ ಗುಡಿಸಿ ಮನೆಯಿಂದ ಆಚೆ ಹಾಕಬೇಕು. ಮಣ್ಣಿನ ಗೋಡೆಗೆ ಇಂದಿಗೂ ಸುಣ್ಣಕ್ಕಿಂತ ಒಳ್ಳೆಯ ಬಣ್ಣವಿಲ್ಲ.

ಬಚ್ಚಲು ತೊಳೆಯುವ ಆಸಿಡ್ ತಂದು ಒಂದೇ ದಿನದಲ್ಲಿ ಮುಗಿಸುವ ಯೋಚನೆ ಬಹಳ ಜನಕ್ಕೆ ಬರುತ್ತದೆ. ಅದು ಹೈಡ್ರೊಕ್ಲೋರಿಕ್ ಆಮ್ಲ. ಸುಣ್ಣದ ಜೊತೆ ಗಾರೆಯನ್ನೂ ಕಬ್ಬಿಣದ ಕಂಬಿಯನ್ನೂ ಕಣ್ಣನ್ನೂ ಸುಡುತ್ತದೆ. ಅದು ಬ್ಲೀಚಿಗೆ ತಾಗಿದರೆ ಕ್ಲೋರಿನ್ ವಿಷಾನಿಲ ಏಳುತ್ತದೆ. ವಿನೆಗರ್ ಬ್ಲೀಚಿಗೆ ಬೆರೆತರೂ ಅಷ್ಟೇ. ಮುಚ್ಚಿದ ಕೋಣೆಯಲ್ಲಿ ಅದು ಜೀವಕ್ಕೆ ಕುತ್ತು. ಒದ್ದೆ ಕೆಲಸಕ್ಕೆ ಮೊದಲು ಆ ಕೋಣೆಯ ಕರೆಂಟು ತೆಗೆದು, ಸ್ವಿಚ್ ಬೋರ್ಡಿಗೆ ಪ್ಲಾಸ್ಟಿಕ್ ಕಟ್ಟುವುದನ್ನೂ ಮರೆಯಬಾರದು.

ಹಳೆಯ ಎಣ್ಣೆಬಣ್ಣದ ಮಾತು ಬೇರೆ. ಬಾಗಿಲು, ಕಿಟಕಿ, ಗೋಡೆಯ ಕೆಳಭಾಗಕ್ಕೆ ಹಿಂದೆ ಹಚ್ಚುತ್ತಿದ್ದ ಹೊಳೆಯುವ ಹಳದಿ, ಕೆಂಪು, ಹಸಿರು ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಮನೆಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಭಾಗದಲ್ಲಿ 90 ಭಾಗ ಮೀರಬಾರದೆಂಬ ನಿಯಮವನ್ನು ಕೇಂದ್ರ ಸರ್ಕಾರ ತಂದದ್ದು 2016ರಲ್ಲಿ, ಅದು ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಬಣ್ಣವನ್ನು ಒಣದಾಗಿ ಉಪ್ಪುಕಾಗದದಿಂದ ಉಜ್ಜಿದರೆ ಆ ಧೂಳು ಮನೆಯ ಚಿಕ್ಕ ಮಕ್ಕಳ ಬಾಯಿಗೆ ಹೋಗುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಪ್ರೊಫೆಸರ್ ತುಪ್ಪಿಲ್ ವೆಂಕಟೇಶ್ ದಶಕಗಳ ಕಾಲ ಜನರಿಗೆ ತಿಳಿಹೇಳುತ್ತಾ ಬಂದದ್ದು ಸೀಸದ ಈ ಹಾನಿಯನ್ನೇ. ಒದ್ದೆಮಾಡಿ ಕೆರೆದು, ಒದ್ದೆ ಬಟ್ಟೆಯಲ್ಲೇ ಒರೆಸಿ ತೆಗೆಯಬೇಕು. ಆ ಹೊತ್ತಿಗೆ ಮಕ್ಕಳು, ಬಸುರಿಯರು ಅಜ್ಜಿಮನೆಯಲ್ಲಿರಲಿ.

ಗೋಡೆಯ ಅಂದ ವಿಷವಾದ ಕಥೆ ಯುರೋಪಿನಲ್ಲಿ ಇನ್ನೂ ದೊಡ್ಡದಿದೆ. ಸ್ವೀಡನ್ನಿನ ಕಾರ್ಲ್ ವಿಲ್ಹೆಲ್ಮ್ ಶೀಲೆ 1775ರಲ್ಲಿ ತಾಮ್ರ ಮತ್ತು ಆರ್ಸೆನಿಕ್ ಸೇರಿಸಿ ಒಂದು ಹಸಿರು ಬಣ್ಣ ಮಾಡಿದ. ಮುಂದಿನ ನೂರು ವರ್ಷ ಗೋಡೆಕಾಗದಗಳೆಲ್ಲ ಅಂಥ ಹಸಿರಿನಿಂದ ನಳನಳಿಸಿದವು. 1821ರಲ್ಲಿ ಸೇಂಟ್ ಹೆಲೆನಾದಲ್ಲಿ ತೀರಿಕೊಂಡ ನೆಪೋಲಿಯನ್ನನ ಮನೆಯ ಗೋಡೆಕಾಗದದ ಒಂದು ತುಣುಕನ್ನು 1980ರ ದಶಕದ ಆರಂಭದಲ್ಲಿ ಪರೀಕ್ಷಿಸಿದಾಗ ಅದರಲ್ಲಿ ಆರ್ಸೆನಿಕ್ ಸಿಕ್ಕಿತು. ತೇವದ ಗೋಡೆಯಲ್ಲಿ ಹಿಟ್ಟಿನಂಟು ತಿಂದು ಬೆಳೆಯುವ ಬೂಷ್ಟು ಆ ಬಣ್ಣದಿಂದ ವಿಷದ ಗಾಳಿ ಹೊರಡಿಸುತ್ತದೆ ಎಂದು ಇಟಲಿಯ ಗೋಸಿಯೊ 1890ರ ದಶಕದಲ್ಲೇ ತೋರಿಸಿದ್ದ. ಸುಣ್ಣ ಬಳಿದ ನಮ್ಮ ಗೋಡೆಗಳಿಗೆ ಆ ಕೇಡು ತಟ್ಟಲಿಲ್ಲ. ಹೊಸ ಸುಣ್ಣದ ಕ್ಷಾರಕ್ಕೆ ಬೂಷ್ಟು ಬೆಳೆಯುವುದೇ ಕಷ್ಟ.

ಕಾಗದವನ್ನು ಗೋಡೆಗೆ ಅಂಟಿಸಿ ಮತ್ತೆ ಬಿಡಿಸುವ ಕೆಲಸ ಮಡಕಶಿರಾ ಸೀಮೆಯಲ್ಲಿ ಇನ್ನೊಂದು ರೀತಿಯಲ್ಲೂ ನಡೆದಿದೆ. ಅದನ್ನು ಮಾಡಿದವರು ಶಾಸನತಜ್ಞರು. ಅಮರಾಪುರದ ಬಳಿಯ ಹೇಮಾವತಿ ಒಂದು ಕಾಲಕ್ಕೆ ಹೆಂಜೇರು, ನೊಳಂಬ ಅರಸರ ರಾಜಧಾನಿ. ಅಲ್ಲಿನ ದೊಡ್ಡೇಶ್ವರ ಗುಡಿಯ ಜಾಲಂಧ್ರಗಳ ಕುಸುರಿಯನ್ನು ನೋಡಲು ದೂರದಿಂದ ಜನ ಬರುತ್ತಾರೆ, ನೊಳಂಬರ ವಂಶಾವಳಿ ಹೇಳುವ ಕಂಬಶಾಸನವೂ ಅದೇ ಊರಿನದು. ಕಲ್ಲಿನ ಮೇಲಿನ ಬರಹವನ್ನು ಮನೆಗೊಯ್ದು ಓದಲು ತಜ್ಞರು ಮಾಡುವುದು ಇಷ್ಟು: ಕಲ್ಲನ್ನು ನೀರು ಮತ್ತು ಬ್ರಷ್ಷಿನಿಂದ ತೊಳೆದು, ಒದ್ದೆ ಕಾಗದ ಹಾಸಿ, ಗಡಸು ಬ್ರಷ್ಷಿನಿಂದ ಬಡಿದು ಅಕ್ಷರದ ಗುಳಿಯೊಳಕ್ಕೆ ಕಾಗದ ಇಳಿಸುತ್ತಾರೆ, ಮೇಲೆ ಮಸಿ ತಟ್ಟುತ್ತಾರೆ, ಆರಿದ ಮೇಲೆ ಬಿಡಿಸುತ್ತಾರೆ. ಗಂಜಿಯಿಲ್ಲ, ಗೋಂದಿಲ್ಲ, ಹಿಡಿದದ್ದೂ ನೀರೇ. ಕಪ್ಪು ಕಾಗದದ ಮೇಲೆ ಅಕ್ಷರ ಬೆಳ್ಳಗೆ ಮೂಡಿರುತ್ತದೆ. ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳ ಸಂಪುಟವನ್ನು ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್ ಸಂಪಾದಿಸಿ 1939ರಲ್ಲಿ ಹೊರತಂದದ್ದು ಇಂಥ ಅಚ್ಚುಗಳನ್ನು ಓದಿಯೇ. ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಶಾಸನ ವಿಭಾಗ 1966ರಿಂದ ಮೈಸೂರಿನಲ್ಲಿದೆ.

ಆ ತಜ್ಞರಿಗೆ ಎದುರಾಗುವ ದೊಡ್ಡ ಅಡ್ಡಿ ಸುಣ್ಣ. ಭಕ್ತಿಯಿಂದಲೇ ಬಳಿದದ್ದು, ಬಳಿಬಳಿದು ಅಕ್ಷರ ಮುಚ್ಚಿಹೋದದ್ದು. ಒಡಿಶಾದ ಪುರಿ ಜಗನ್ನಾಥ ಗುಡಿಯಲ್ಲಿ ಸುಣ್ಣದ ಗಾರೆಯ ದಪ್ಪ ಪದರಗಳಡಿ ಶಿಲ್ಪವೇ ಹೂತುಹೋಗಿತ್ತು, 1970ರ ದಶಕದಲ್ಲಿ ಆ ಗಾರೆ ಬಿಡಿಸಲು ಹೊರಟ ಪುರಾತತ್ತ್ವ ಇಲಾಖೆಗೆ ಅದು ವರ್ಷಗಳ ಕೆಲಸವಾಯಿತು. ಹಾಗೆಂದು ಎಲ್ಲ ಸುಣ್ಣವೂ ತೆಗೆದೆಸೆಯುವಂಥದ್ದಲ್ಲ. ಮಡಕಶಿರಾದಿಂದ ಹಿಂದೂಪುರದ ಹಾದಿಯಲ್ಲಿ ಮುಂದೆ ಸಿಗುವ ಲೇಪಾಕ್ಷಿಯಲ್ಲಿ, ಅಚ್ಯುತದೇವರಾಯನ ಕಾಲದ ವೀರಭದ್ರ ಗುಡಿಯ ಚಾವಣಿಯ ಚಿತ್ರಗಳು ನಿಂತಿರುವುದೇ ಸುಣ್ಣದ ಗಾರೆಯ ಮೇಲೆ. ಅಲ್ಲಿ ಒಂದು ಹನಿ ಹುಳಿ ಬಿದ್ದರೂ ಐನೂರು ವರ್ಷದ ಬಣ್ಣದ ಬುಡ ಕರಗುತ್ತದೆ.

ಹಾಗಾಗಿ ಮಡಕಶಿರಾ, ರಾಯದುರ್ಗದ ಮನೆಯವರಲ್ಲಿ, ಊರ ಗುಡಿಗೆ ಬಣ್ಣ ಹೊಡೆಸುವ ಹಿರಿಯರಲ್ಲಿ ಒಂದು ವಿನಂತಿ. ಹಳೆಯ ಗೋಡೆಯಲ್ಲಿ, ಜಗಲಿಯ ಚಪ್ಪಡಿಯಲ್ಲಿ, ಗುಡಿಯ ಕಂಬದಲ್ಲಿ ಹಕ್ಕಳೆ ಎದ್ದ ಸುಣ್ಣದಡಿ ಗೆರೆಯಂಥದ್ದೇನಾದರೂ ಕಂಡರೆ ಪಟ್ಟಿಯನ್ನು ಅಲ್ಲೇ ಕೆಳಗಿಡಿ. ವಿನೆಗರ್ ಬೇಡ, ಆಸಿಡ್ ಬೇಡ, ಮೇಲೆ ಹೊಸ ಎಮಲ್ಷನ್ನೂ ಬೇಡ. ಪಕ್ಕದಿಂದ ಬೆಳಕು ಬೀಳುವ ಹೊತ್ತಿನಲ್ಲಿ ಒಂದು ಫೋಟೊ ತೆಗೆದು ಮೈಸೂರಿನ ಶಾಸನ ವಿಭಾಗಕ್ಕೋ ಹತ್ತಿರದ ಕಾಲೇಜಿನ ಇತಿಹಾಸ ಮೇಷ್ಟ್ರಿಗೋ ತೋರಿಸಿ. ಅವರು ಬಂದು ನೋಡುವವರೆಗೆ ಆ ಕಲ್ಲಿಗೆ ಒಣಬಟ್ಟೆಯನ್ನೂ ತಾಗಿಸದಿರಿ.